ಕೊಲೆ ಕೇಸಿನಲ್ಲಿ ನಮ್ಮ ಪರ ನಾವೇ ವಾದ ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ತಮ್ಮನ ಮೇಲೆ ಕೊಲೆ ಕೇಸ್ ಹಾಕಿದ್ದಾರೆ. ಜೈಲಿಗೆ ಹೋಗಿ ಎರಡೂವರೆ ತಿಂಗಳಾಯಿತು, ಇನ್ನೂ ಚಾರ್ಜ್‌ಶೀಟ್ ಬಂದಿಲ್ಲ. ಗಲಾಟೆ ಆದಾಗ ನಾನು ಊರಲ್ಲೇ ಇರಲಿಲ್ಲ, ಅರಸೀಕೆರೆಗೆ ಹೋಗಿದ್ದೆ ಅಂತ ಮೊದಲಿನಿಂದಲೂ ಹೇಳುತ್ತಿದ್ದಾನೆ. ಒಬ್ಬ ವಕೀಲರನ್ನು ಕೇಳಿದೆವು, ಅವರು ಹೇಳಿದ ಫೀಸು ಕೊಡಬೇಕಾದರೆ ಇರುವ ಒಂದು ಎಕರೆ ಮಾರಬೇಕು. ಕೋರ್ಟಿನಿಂದ ಫ್ರೀ ವಕೀಲರನ್ನು ಕೊಡುತ್ತಾರಂತೆ. ಆದರೆ ಜೈಲಿನಲ್ಲಿ ಯಾರೋ ‘ಸರ್ಕಾರಿ ವಕೀಲರು ಸರ್ಕಾರದ ಕಡೆಗೇ ಇರ್ತಾರೆ’ ಅಂತ ಅವನ ತಲೆ ಕೆಡಿಸಿದ್ದಾರೆ. ಬಿ.ಎ. ಓದಿದ್ದೀನಿ, ನನ್ನ ಪರ ನಾನೇ ವಾದ ಮಾಡ್ತೀನಿ ಅಂತ ಹಟ ಹಿಡಿದಿದ್ದಾನೆ. ಏನು ಮಾಡೋದು?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ವಾದದ ಮಾತು ಆಮೇಲೆ. ಮೊದಲು ಕ್ಯಾಲೆಂಡರ್ ನೋಡಿ. ನಿಮ್ಮ ತಮ್ಮನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಮೊದಲ ಸಲ ಕಸ್ಟಡಿಗೆ ಕಳಿಸಿದ್ದು ಯಾವತ್ತು? ಅಲ್ಲಿಂದ 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಅವನಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆ. ಇದು ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 187ನೇ ಕಲಮು, ಕೋರ್ಟಿನಲ್ಲಿ ಎಲ್ಲರೂ ಡೀಫಾಲ್ಟ್ ಬೇಲ್ ಅನ್ನುತ್ತಾರೆ. ಆದರೆ ಅದು ತಾನಾಗೇ ಸಿಗುವುದಿಲ್ಲ. ಗಡುವು ಮುಗಿದ ಮೇಲೆ, ಚಾರ್ಜ್‌ಶೀಟ್ ಕೋರ್ಟಿಗೆ ಬರುವುದಕ್ಕೆ ಮುಂಚೆ ಅರ್ಜಿ ಹಾಕಬೇಕು. ಅರ್ಜಿ ಹಾಕದೆ ಕೂತಿದ್ದು ಅಷ್ಟರಲ್ಲಿ ಚಾರ್ಜ್‌ಶೀಟ್ ಬಂತು ಅಂದರೆ ಆ ಹಕ್ಕು ಹೋಯಿತು. ಜೈಲಿನಲ್ಲಿ ಒಬ್ಬನೇ ಕೂತಿರುವ ನಿಮ್ಮ ತಮ್ಮ ಈ ದಿನಗಳ ಲೆಕ್ಕ ಹಿಡಿದು ಸರಿಯಾದ ದಿನ ಅರ್ಜಿ ಹಾಕಬಲ್ಲನೇ? ಇದೊಂದೇ ಕಾರಣಕ್ಕೂ ಅವನಿಗೆ ಈ ವಾರವೇ ವಕೀಲರು ಬೇಕು.

ಇನ್ನು ‘ಸರ್ಕಾರಿ ವಕೀಲರು’ ಅನ್ನುವ ಗೊಂದಲ. ಇದು ತುಂಬಾ ಜನರಿಗಿದೆ, ಇದರಿಂದ ಆಗುವ ಹಾನಿಯೂ ದೊಡ್ಡದು. ಪೊಲೀಸರು ಹಾಕಿದ ಕೇಸನ್ನು ಕೋರ್ಟಿನಲ್ಲಿ ನಡೆಸುವವರು ಪಬ್ಲಿಕ್ ಪ್ರಾಸಿಕ್ಯೂಟರ್. ಅವರು ಸರ್ಕಾರದ ಪರ, ಅದು ನಿಜ. ನಿಮ್ಮ ತಮ್ಮನಿಗೆ ವಕೀಲರನ್ನು ಕೊಡುವುದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಅದು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ನಡೆಯುತ್ತದೆ, ಪೊಲೀಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ಮೊದಲು ಪ್ಯಾನೆಲ್ ವಕೀಲರು ಮಾತ್ರ ಇದ್ದರು, ತಮ್ಮ ಸ್ವಂತ ಕೇಸುಗಳ ನಡುವೆ ಇದನ್ನೂ ನೋಡುತ್ತಿದ್ದರು. 2022ರಲ್ಲಿ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಅನ್ನುವ ಹೊಸ ಯೋಜನೆ ಬಂತು. ಇದರಲ್ಲಿರುವ ವಕೀಲರು ಆರೋಪಿಗಳ ಪರವಾಗಿ ಮಾತ್ರ ಕೆಲಸ ಮಾಡುತ್ತಾರೆ, ಖಾಸಗಿ ಕೇಸು ಹಿಡಿಯುವ ಹಾಗಿಲ್ಲ. ಇದರ ಮುಖ್ಯಸ್ಥರಾಗಲು ಕ್ರಿಮಿನಲ್ ಕೇಸುಗಳಲ್ಲಿ ಕನಿಷ್ಠ 10 ವರ್ಷ ಅನುಭವ ಬೇಕು. ಜೈಲಿನಲ್ಲಿರುವವರಿಗೆ ಆದಾಯದ ಸರ್ಟಿಫಿಕೇಟೂ ಬೇಡ. ಜೈಲು ಅಧಿಕಾರಿಗಳ ಕೈಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ಇಲ್ಲವೇ ನೀವೇ ಕೋರ್ಟ್ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ.

ತಾನೇ ವಾದ ಮಾಡಬಹುದಾ? ಮಾಡಬಹುದು. ವಕೀಲರನ್ನು ಇಟ್ಟುಕೊಳ್ಳುವುದು ಅವನ ಹಕ್ಕು, ಬೇಡ ಅಂದರೆ ಬಲವಂತ ಇಲ್ಲ. ನ್ಯಾಯಾಧೀಶರು ತಮ್ಮ ಸಹಾಯಕ್ಕೆ ಅಂತ ಒಬ್ಬ ವಕೀಲರನ್ನು ನೇಮಿಸಿಕೊಳ್ಳಬಹುದು, ಅಷ್ಟೇ. ಅಮೆರಿಕದಲ್ಲಿ 1975ರಲ್ಲಿ ಫರೆಟ್ಟಾ ಅನ್ನುವ ಆರೋಪಿ ಇದೇ ಹಕ್ಕಿಗಾಗಿ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಗೆದ್ದ. ಸರ್ಕಾರ ಕೊಡುವ ಪಬ್ಲಿಕ್ ಡಿಫೆಂಡರ್‌ಗಳ ಮೇಲೆ ಕೇಸಿನ ಹೊರೆ ಜಾಸ್ತಿ, ನನ್ನ ಕೇಸು ಸರಿಯಾಗಿ ನೋಡಲ್ಲ ಅನ್ನುವುದು ಅವನ ಭಯವಾಗಿತ್ತು. ಕೋರ್ಟು ಹಕ್ಕು ಕೊಟ್ಟಿತು, ಜೊತೆಗೆ ಇನ್ನೊಂದು ಮಾತೂ ಹೇಳಿತು: ತಾನೇ ವಾದ ಮಾಡಿ ಸೋತವನು ಆಮೇಲೆ ನನ್ನ ವಾದ ಸರಿಯಾಗಿ ನಡೆಯಲಿಲ್ಲ ಅಂತ ದೂರುವ ಹಾಗಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಚೆಕ್ ಬೌನ್ಸ್ ಕೇಸಿನಲ್ಲಿ ಯಾರಾದರೂ ತಾವೇ ವಾದ ಮಾಡ್ತೀನಿ ಅಂದರೆ ಯೋಚನೆ ಮಾಡಿ ನೋಡೋಣ ಅನ್ನಬಹುದು, ಆದರೆ ಜೀವಾವಧಿ ಅಥವಾ ಗಲ್ಲು ಆಗಬಹುದಾದ ಕೊಲೆ ಕೇಸಿನಲ್ಲಿ, ಅದೂ ಜೈಲಿನೊಳಗಿದ್ದುಕೊಂಡು, ಖಂಡಿತ ಬೇಡ. ಬಿ.ಎ. ಆಗಿದೆಯೋ ಎಂ.ಎ. ಆಗಿದೆಯೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಯಾಕೆ ಅಂತ ಅವನಿಗೆ ಅರ್ಥವಾಗುವ ಹಾಗೆ ಹೇಳಿ. ಒಬ್ಬ ಸಾಕ್ಷಿ ಬಂದು, ರಾತ್ರಿ ಎಂಟೂವರೆಗೆ ಇವನನ್ನು ಅಲ್ಲಿ ನೋಡಿದೆ ಅನ್ನುತ್ತಾನೆ ಅಂದುಕೊಳ್ಳಿ. ಅದು ಸುಳ್ಳು ಅಂತ ನಿಮ್ಮ ತಮ್ಮನಿಗೆ ಗೊತ್ತು, ರಕ್ತ ಕುದಿಯುತ್ತದೆ. ಎದ್ದು ನಿಂತು ‘ಅಷ್ಟು ಕತ್ತಲಲ್ಲಿ ನನ್ನ ಮುಖ ನಿನಗೆ ಹೇಗೆ ಕಾಣಿಸ್ತು?’ ಅಂತ ಕೇಳುತ್ತಾನೆ. ಸಾಕ್ಷಿ ‘ಬೀದಿ ದೀಪ ಇತ್ತು, ನೀನು ನನ್ನ ಕಡೆಗೇ ತಿರುಗಿದ್ದೆ’ ಅನ್ನುತ್ತಾನೆ. ಪೊಲೀಸರ ಮುಂದೆ ಹೇಳದೇ ಇದ್ದ ದೀಪ ಈಗ ದಾಖಲೆಗೆ ಬಂತು. ‘ನನ್ನ ಮುಖ’ ಅಂದಿದ್ದರಿಂದ ಊರಲ್ಲೇ ಇರಲಿಲ್ಲ ಅನ್ನುವ ಅವನ ಮಾತಿಗೂ ಪೆಟ್ಟು ಬಿತ್ತು. ಪಾಟಿ ಸವಾಲಿನಲ್ಲಿ ಆರೋಪಿಯ ವಕೀಲರು ಹಾಕುವ ಸಲಹಾತ್ಮಕ ಪ್ರಶ್ನೆಯನ್ನೂ (‘ಹೀಗೆ ನಡೆಯಿತು ಅಲ್ಲವೇ?’ ಅಂತ ಸಾಕ್ಷಿಯ ಮುಂದೆ ಇಡುವ ಮಾತನ್ನೂ) ಆರೋಪಿಯ ವಿರುದ್ಧ ಪರಿಗಣಿಸಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹೀಗಿರುವಾಗ ಆರೋಪಿಯೇ ಬಾಯಿಬಿಟ್ಟು ಕೇಳಿದ್ದನ್ನು ಪ್ರಾಸಿಕ್ಯೂಟರ್ ಸುಮ್ನೆ ಬಿಡುತ್ತಾರಾ?

ಪಳಗಿದ ವಕೀಲರು ಮುಖದ ಸುದ್ದಿಗೇ ಹೋಗುವುದಿಲ್ಲ. ನೀವು ನಿಂತಿದ್ದ ಜಾಗ ಯಾವುದು, ಎಷ್ಟು ದೂರ ಅಂತ ಕೇಳುತ್ತಾರೆ. ಸ್ಥಳ ಮಹಜರಿನಲ್ಲಿ ದೀಪದ ಕಂಬ ತೋರಿಸಿದ್ದಾರಾ ನೋಡಿಕೊಂಡಿರುತ್ತಾರೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಲ್ಲಿ ಸಾಕ್ಷಿ ಬೇರೆ ಏನಾದರೂ ಹೇಳಿದ್ದರೆ ಆ ಸಾಲನ್ನು ಅವನಿಗೆ ತೋರಿಸಿ ಗುರುತು ಮಾಡಿಸುತ್ತಾರೆ, ಮುಂದೆ ತನಿಖಾಧಿಕಾರಿ ಬಂದಾಗ ಅವರ ಬಾಯಿಂದಲೂ ಅದನ್ನು ಹೇಳಿಸುತ್ತಾರೆ. ಈ ಎರಡನೇ ಹೆಜ್ಜೆ ಮರೆತರೆ ಮೊದಲನೆಯದೂ ದಂಡ. ಇದನ್ನು ಪುಸ್ತಕ ಓದಿ ಕಲಿಯಲಾಗುವುದಿಲ್ಲ. ಈಜು ಬಾರದವನು ತುಂಬಿದ ಹೊಳೆಗೆ ಇಳಿದು ಕಲಿಯುತ್ತೇನೆ ಅಂದ ಹಾಗಾಗುತ್ತದೆ.

ಹಾಗಂತ ಉಚಿತ ವಕೀಲರು ಅಂದರೆ ಎಲ್ಲರೂ ಚೆನ್ನಾಗಿ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಮಧ್ಯಪ್ರದೇಶದ ಅನೋಖಿಲಾಲ್ ಪ್ರಕರಣ ನೋಡಿ. 2013ರಲ್ಲಿ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಿ, ಎರಡು ವಾರದೊಳಗೆ ವಿಚಾರಣೆ ಮುಗಿಸಿ, ಗಲ್ಲು ಶಿಕ್ಷೆ ಕೊಟ್ಟುಬಿಟ್ಟರು. ಕೇಸು ಓದುವುದಕ್ಕೂ ಆ ವಕೀಲರಿಗೆ ಸಮಯ ಇರಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಮತ್ತೆ ವಿಚಾರಣೆ ನಡೆಸಿ ಅಂದಿತು. ಜೀವಾವಧಿ ಅಥವಾ ಗಲ್ಲು ಆಗಬಹುದಾದ ಕೇಸಿಗೆ 10 ವರ್ಷ ಅನುಭವ ಇರುವವರನ್ನೇ ನೇಮಿಸುವುದನ್ನು ನೋಡಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನ ಕೊಡಬೇಕು ಅಂತಲೂ ಹೇಳಿತು. ಈ ತೀರ್ಪಿನ ಹೆಸರು ಬರೆದಿಟ್ಟುಕೊಳ್ಳಿ. ನಿಮಗೆ ಹೊಸಬರನ್ನು ಕೊಟ್ಟರೆ ಇದನ್ನು ತೋರಿಸಿ ಅನುಭವಿಗಳನ್ನು ಕೇಳಿ, ಅದರಲ್ಲಿ ಸಂಕೋಚ ಬೇಡ.

ವಕೀಲರು ಸಿಕ್ಕ ಮೇಲೆ ನಿಮ್ಮ ಕೆಲಸ ಶುರು. ಅವತ್ತು ಅರಸೀಕೆರೆಯಲ್ಲಿ ಅವನು ಎಲ್ಲೆಲ್ಲಿ ಹೋಗಿದ್ದ, ಯಾರನ್ನು ಭೇಟಿಯಾದ, ಫೋನ್‌ಪೇಯಲ್ಲಿ ಎಲ್ಲಿ ದುಡ್ಡು ಕಟ್ಟಿದ, ಬಸ್ಸಿನಲ್ಲಿ ಹೋಗಿದ್ದರೆ ಟಿಕೆಟ್ ಇದೆಯಾ, ಹೋಟೆಲ್ಲಿನಲ್ಲಿ ಸಿಸಿಟಿವಿ ಇತ್ತಾ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಡಿ. ಸಿಸಿಟಿವಿ ಚಿತ್ರಗಳು ಕೆಲವು ದಿನಗಳಲ್ಲೇ ಅಳಿಸಿಹೋಗುತ್ತವೆ, ಎರಡೂವರೆ ತಿಂಗಳು ಈಗಾಗಲೇ ಹೋಗಿದೆ, ಆದರೂ ಕೇಳಿ ನೋಡಿ. ಮೊಬೈಲ್ ಟವರ್ ದಾಖಲೆಯನ್ನು ಕೋರ್ಟಿನ ಮೂಲಕ ತರಿಸಲು ವಕೀಲರು ಅರ್ಜಿ ಹಾಕಬಹುದು, ಅದಕ್ಕೂ ತಡ ಮಾಡುವ ಹಾಗಿಲ್ಲ.

ತನ್ನ ಮಾತನ್ನು ತಾನೇ ಹೇಳಬೇಕು ಅನ್ನುವ ಅವನ ಆಸೆ ತಪ್ಪಲ್ಲ. ಅದಕ್ಕೂ ಜಾಗವಿದೆ. ಪ್ರಾಸಿಕ್ಯೂಷನ್ ಸಾಕ್ಷಿಗಳು ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಪ್ರಶ್ನೆ ಕೇಳುತ್ತಾರೆ. ಹಿಂದೆ 313 ಹೇಳಿಕೆ ಅನ್ನುತ್ತಿದ್ದರು, ಈಗ ಅದು 351ನೇ ಕಲಮು. ಪ್ರಮಾಣ ಮಾಡಿಸುವುದಿಲ್ಲ, ಬರವಣಿಗೆಯಲ್ಲೂ ಹೇಳಿಕೆ ಕೊಡಬಹುದು. ವಕೀಲರ ಜೊತೆ ಕೂತು ತಯಾರಿ ಮಾಡಿಕೊಂಡು ಅಲ್ಲಿ ಹೇಳಲಿ.

ಎಕರೆ ಮಾರುವ ಅವಸರ ಬೇಡ. ಡಿಫೆನ್ಸ್ ಕೌನ್ಸೆಲ್ ಕೆಲಸ ನೋಡಿ, ಸರಿ ಕಾಣದಿದ್ದರೆ ಖಾಸಗಿ ವಕೀಲರನ್ನು ಯಾವಾಗ ಬೇಕಾದರೂ ಹಿಡಿಯಬಹುದು.

ಪ್ರಶ್ನೆ: ನಮ್ಮ ಅಣ್ಣನಿಗೆ ಪ್ರಾಧಿಕಾರದಿಂದ ಕೊಟ್ಟ ವಕೀಲರು ಜೆರಾಕ್ಸು, ಟೈಪಿಂಗ್ ಅಂತ ದುಡ್ಡು ಕೇಳುತ್ತಿದ್ದಾರೆ. ಕೊಡದಿದ್ದರೆ ಕೇಸು ಕೆಡಿಸಿಬಿಟ್ಟರೆ ಅಂತ ಭಯ.
– ಒಬ್ಬ ಓದುಗರು, ತುಮಕೂರು

ಉತ್ತರ: ಕೊಡಬೇಡಿ. ಆ ಖರ್ಚೂ ಉಚಿತ ಕಾನೂನು ನೆರವಿನಲ್ಲೇ ಸೇರಿದೆ. ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಯವರಿಗೆ ಲಿಖಿತ ದೂರು ಕೊಡಿ, ಅವರೂ ನ್ಯಾಯಾಧೀಶರೇ. ಯಾವತ್ತು, ಎಷ್ಟು ಕೇಳಿದರು ಅಂತ ಬರೆದು, ವಕೀಲರನ್ನು ಬದಲಾಯಿಸಿಕೊಡಿ ಅಂತಲೂ ಅದರಲ್ಲೇ ಕೇಳಿ. ಇನ್ನೊಂದು ಪ್ರತಿಗೆ ಕಚೇರಿಯ ಸೀಲು ಹಾಕಿಸಿಕೊಂಡು ಬನ್ನಿ. ಮುಂದಿನ ವಾಯಿದೆಗೆ ಸಾಕ್ಷಿ ವಿಚಾರಣೆ ಇದ್ದರೆ ಅದನ್ನೂ ಅರ್ಜಿಯಲ್ಲಿ ತಿಳಿಸಿ, ಹೊಸ ವಕೀಲರಿಗೆ ಕೇಸು ಓದಲು ಸಮಯ ಸಿಗಬೇಕು.