ಮೊಪೆಡ್ ಕಳ್ಳರು ಫೋನ್ ಕಿತ್ತುಕೊಂಡು ಹೋದ ಮೇಲೆ

ತಮ್ಮ, ನಿನ್ನ ಪ್ರಶ್ನೆ ಓದಿದೆ. ನೀವಿಬ್ಬರೂ ಲಂಡನ್‌ಗೆ ಓದಲು ಬಂದು ಇನ್ನೂ ತಿಂಗಳಾಗಿಲ್ಲ. ಅಷ್ಟರಲ್ಲೇ ನಿನ್ನ ರೂಮ್‌ಮೇಟ್ ಕೈಯಲ್ಲಿದ್ದ ಫೋನನ್ನು ಕಿಂಗ್ಸ್ ಕ್ರಾಸ್ ಸ್ಟೇಷನ್ ಹೊರಗೆ ಮೊಪೆಡ್‌ನಲ್ಲಿ ಬಂದ ಇಬ್ಬರು ಕಿತ್ತುಕೊಂಡು ಹೋಗಿದ್ದಾರೆ. ಅವನು ಕೂಗಲಿಲ್ಲ, ಓಡಲಿಲ್ಲ, ಹಾಗೇ ನಿಂತುಬಿಟ್ಟ. ಈಗ ಕ್ಲಾಸಿಗೂ ಹೋಗುತ್ತಿಲ್ಲ. ಊರಲ್ಲಿ ಅಪ್ಪ ಅಮ್ಮನಿಗೂ ಹೇಳಿಲ್ಲ. 'ಅಕ್ಕ, ಅವನು ಯಾಕೆ ಹೀಗಾದ? ಈ ಊರಲ್ಲಿ ಹೇಗೆ ಇರೋದು?' ಅಂತ ಕೇಳಿದ್ದೀಯ.

ಅವನು ನಿಂತುಬಿಟ್ಟಿದ್ದು ಹೇಡಿತನ ಅಲ್ಲ. ಇದನ್ನು ಅವನಿಗೆ ಇವತ್ತೇ ಹೇಳು. ಈ ಕಳ್ಳರು ಹಿಂದಿನಿಂದ ಬರುತ್ತಾರೆ, ಫುಟ್‌ಪಾತ್ ಮೇಲೆಯೇ ಗಾಡಿ ಹತ್ತಿಸುತ್ತಾರೆ, ಹಿಂದೆ ಕೂತವನು ಕೈ ಚಾಚುತ್ತಾನೆ. ಏನಾಯ್ತು ಅಂತ ತಿಳಿಯುವ ಮೊದಲೇ ಗಾಡಿ ತಿರುವು ದಾಟಿರುತ್ತದೆ. ಆ ಹೊತ್ತಿಗೆ ಮೈ ಏನು ಮಾಡುತ್ತದೋ ಅದು ನಮ್ಮ ಕೈಯಲ್ಲಿಲ್ಲ. ಕೆಲವರಿಗೆ ಬಾಯಿ ಕಟ್ಟುತ್ತದೆ. ಕೆಲವರು ಬರಿಗೈಯನ್ನೇ ನೋಡುತ್ತಾ ನಿಲ್ಲುತ್ತಾರೆ. ಕೆಲವರು ನಡುಗುತ್ತಾ ನಗುವುದನ್ನೂ ಕಂಡಿದ್ದೇನೆ. ಯಾವುದೂ ತಪ್ಪಲ್ಲ.

'ಯಾಕೆ ಬಿಟ್ಟೆ, ಗಟ್ಟಿಯಾಗಿ ಹಿಡ್ಕೋಬೇಕಿತ್ತು' ಅಂತ ಹೇಳುವವರು ಬಹಳ ಜನ ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಬಿಟ್ಟಿದ್ದೇ ಒಳ್ಳೆಯದಾಯಿತು. ಈ ಕಳ್ಳರಲ್ಲಿ ಕೆಲವರ ಹತ್ತಿರ ಸುತ್ತಿಗೆ ಇರುತ್ತದೆ, ಚಾಕು ಇರುತ್ತದೆ. 2017ರ ಜುಲೈನಲ್ಲಿ ಲಂಡನ್‌ನ ಹ್ಯಾಕ್ನಿ ಸುತ್ತಮುತ್ತ ಒಂದೇ ರಾತ್ರಿ ಇಂಥ ಕಳ್ಳರು ಆರು ಜನರ ಮೇಲೆ ಆಸಿಡ್ ಎರಚಿದ್ದರು. ಗಾಯಗೊಂಡವರಲ್ಲಿ ಊಟ ಡೆಲಿವರಿ ಮಾಡುವವರೂ ಇದ್ದರು. ಕಳ್ಳರಿಗೆ ಬೇಕಾಗಿದ್ದು ಅವರ ಮೊಪೆಡ್. ಕದಿಯಲು ಬಳಸುವ ಗಾಡಿ ಹೆಚ್ಚಾಗಿ ಕದ್ದ ಗಾಡಿಯೇ ಆಗಿರುತ್ತದೆ. ಹಾಗಾಗಿ 'ನಂಬರ್ ನೋಡಿಕೊಳ್ಳಬೇಕಿತ್ತು' ಅಂತ ಕೊರಗುವುದೂ ಬೇಡ.

ನಮ್ಮೂರಿನ ಸರಗಳ್ಳರು ಗೊತ್ತಲ್ವಾ, ಬೈಕಲ್ಲಿ ಇಬ್ಬರು ಬಂದು ಕುತ್ತಿಗೆಗೆ ಕೈ ಹಾಕುತ್ತಾರಲ್ಲ, ಇದೂ ಅದೇ ಕಸುಬು. ಆದರೆ ನಮ್ಮ ಬೀದಿಯಲ್ಲಿ ಸರ ಹೋದರೆ ಮನೆಮನೆಯಿಂದ ಜನ ಹೊರಗೆ ಬರುತ್ತಾರೆ. ನೀರು ಕೊಡುತ್ತಾರೆ, ಕೂರಿಸುತ್ತಾರೆ, ಸಂಜೆವರೆಗೂ ಅದೇ ಮಾತು. ಇಲ್ಲಿಗೆ ಹೊಸದಾಗಿ ಬಂದವರಿಗೆ ಆ ಮಾತೇ ಸಿಗುವುದಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ನನಗೆ ಚಿಂತೆ ಇರುವುದು ಅದರ ಬಗ್ಗೆಯೇ. ಫೋನ್ ಇನ್ನೊಂದು ಬರುತ್ತದೆ. ಬೀದಿಯಲ್ಲಿ ಆರಾಮಾಗಿ ನಡೆಯುವ ಧೈರ್ಯ ಹೋದರೆ ಅದು ಅಷ್ಟು ಬೇಗ ಬರುವುದಿಲ್ಲ. ನನಗೆ ಪರಿಚಯದ ಒಬ್ಬ ಹುಡುಗಿಗೆ ಎಷ್ಟೋ ತಿಂಗಳು ಮೊಪೆಡ್ ಸದ್ದು ಕೇಳಿದರೆ ಸಾಕು, ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದಳು. ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡಿದ್ದಕ್ಕೆ ಅದು ಅಷ್ಟು ದಿನ ಎಳೆಯಿತು ಅಂತ ನನಗೆ ಅನಿಸುತ್ತದೆ.

ಇನ್ನು ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ, ಬರಬೇಕಾದ್ದೇ. ಆದರೆ ಆ ಸಿಟ್ಟಿನಲ್ಲಿ 'ಇಂಥ ಬಣ್ಣದವರೆಲ್ಲ ಹೀಗೇ' ಅನ್ನುವ ಮಾತು ನಮ್ಮವರ ಬಾಯಲ್ಲಿ ಬರುವುದನ್ನು ಕೇಳಿದ್ದೇನೆ, ಅದು ನನಗೆ ಸಹಿಸಲು ಆಗುವುದಿಲ್ಲ. ಹೆಲ್ಮೆಟ್ ಒಳಗಿನ ಮುಖವನ್ನು ನೀನು ನೋಡಿಯೇ ಇಲ್ಲ. ಬೀದಿಯಲ್ಲಿ ಎದುರಾಗುವ ಹುಡುಗರನ್ನೆಲ್ಲ ಅನುಮಾನದಿಂದ ನೋಡಲು ಶುರು ಮಾಡಿದರೆ ಈ ಊರಲ್ಲಿ ನಿನಗೆ ಸ್ನೇಹಿತರೇ ಆಗುವುದಿಲ್ಲ.

'ದೂರು ಕೊಟ್ಟು ಏನು ಪ್ರಯೋಜನ, ಪೊಲೀಸರು ಹುಡುಕೋದಿಲ್ವಂತೆ' ಅಂತಲೂ ಬರೆದಿದ್ದೀಯ. ನಿನ್ನ ಸ್ನೇಹಿತನ ಫೋನ್ ಸಿಗದೇ ಇರಬಹುದು, ಸುಳ್ಳು ಭರವಸೆ ಕೊಡುವುದಿಲ್ಲ. ಆದರೂ ದೂರು ಬೇಕು. 2017ರಲ್ಲಿ ಲಂಡನ್‌ನಲ್ಲಿ ಮೊಪೆಡ್ ಬಳಸಿ ಮಾಡಿದ ಅಪರಾಧಗಳು 20,000 ದಾಟಿದ್ದವು. ಹೆಲ್ಮೆಟ್ ತೆಗೆದು ಎಸೆದರೆ, ತಲೆಗೆ ಪೆಟ್ಟಾದೀತು ಅನ್ನುವ ಭಯಕ್ಕೆ ಪೊಲೀಸರು ಬೆನ್ನಟ್ಟುವುದಿಲ್ಲ ಅಂತ ಕಳ್ಳರು ನಂಬಿದ್ದರು. ಆಮೇಲೆ ಪೊಲೀಸರು ಕಾರಿನಿಂದಲೇ ಗುದ್ದಿ ಬೀಳಿಸಲು ಶುರು ಮಾಡಿದರು, ಬಟ್ಟೆಗೆ ಅಂಟಿ ಉಳಿಯುವ ಗುರುತಿನ ಸ್ಪ್ರೇ ತಂದರು. ಸಂಖ್ಯೆ ಇಳಿಯಿತು. ದೂರುಗಳು ರಾಶಿ ಬೀಳದಿದ್ದರೆ ಇದಾಗುತ್ತಿರಲಿಲ್ಲ. ಈಗ ಮೊಪೆಡ್ ಜೊತೆ ಕರೆಂಟ್ ಬೈಕ್‌ಗಳೂ ಸೇರಿವೆ, 2024ರಲ್ಲಿ ಈ ಊರಲ್ಲಿ 80,000ದಷ್ಟು ಫೋನ್ ಕಳುವಾದವು. ಅದೇ ವರ್ಷ ಕ್ರಿಸ್ಮಸ್ ಹಿಂದಿನ ದಿನ ಒಬ್ಬ ಮಹಿಳೆಯ ಐಫೋನ್ ಹೀಥ್ರೋ ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿರುವುದು ಲೊಕೇಶನ್‌ನಲ್ಲಿ ಕಾಣಿಸಿತು. ಹೋಗಿ ನೋಡಿದರೆ ಹಾಂಗ್‌ಕಾಂಗ್‌ಗೆ ಹೊರಟಿದ್ದ ಪೆಟ್ಟಿಗೆಯಲ್ಲಿ 900ರ ಹತ್ತಿರ ಫೋನ್‌ಗಳು! ಆ ಒಂದು ಎಳೆ ಹಿಡಿದು ಪೊಲೀಸರು ಇಡೀ ಜಾಲವನ್ನೇ ಮುಟ್ಟಿದರು. 40,000ದವರೆಗೂ ಫೋನ್‌ಗಳನ್ನು ಚೀನಾಕ್ಕೆ ಸಾಗಿಸಿರಬಹುದು ಅಂತ 2025ರಲ್ಲಿ ಹೇಳಿದರು. ಇದನ್ನು ನಿನ್ನ ಸ್ನೇಹಿತನಿಗೂ ಹೇಳು. ಯಾರೋ ಅವನನ್ನೇ ಗುರಿ ಮಾಡಿ ಬಂದಿದ್ದಲ್ಲ. ಕೈಯಲ್ಲಿ ಫೋನ್ ಕಂಡಿತು, ಅಷ್ಟೇ.

ಆದರೆ ಲೊಕೇಶನ್ ಕಂಡಿತು ಅಂತ ನೀವೇ ಹುಡುಕಿಕೊಂಡು ಹೋಗಬೇಡಿ. ಪೊಲೀಸರಿಗೆ ತೋರಿಸಿ. ಕಳ್ಳತನ ಆಗುತ್ತಿರುವಾಗಲೇ, ಅಥವಾ ಏಟು ಬಿದ್ದಿದ್ದರೆ, 999ಕ್ಕೆ ಫೋನ್ ಮಾಡಿ. ಆಮೇಲೆ ಹೇಳುವುದಾದರೆ 101, ಇಲ್ಲವೇ ಆನ್‌ಲೈನ್. ಅವರು ಕೊಡುವ ಕ್ರೈಂ ರೆಫರೆನ್ಸ್ ನಂಬರ್ ಇನ್ಶೂರೆನ್ಸ್‌ಗೂ ಬೇಕು. ಅದಕ್ಕೂ ಮೊದಲು ಸಿಮ್ ಬ್ಲಾಕ್ ಮಾಡಿಸಿ, 159ಕ್ಕೆ ಫೋನ್ ಮಾಡಿ ಬ್ಯಾಂಕಿಗೆ ತಿಳಿಸಿ. ಕಿತ್ತುಕೊಂಡಾಗ ಫೋನ್ ಅನ್‌ಲಾಕ್ ಆಗಿಯೇ ಇರುತ್ತದಲ್ಲ, ದುಡ್ಡು ಹೋಗುವುದು ಆಗಲೇ. ಕೆಲವು ದಿನ ಬಿಟ್ಟು 'ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬಂದರೆ ಒತ್ತಲೇಬಾರದು. ಪಾಸ್‌ವರ್ಡ್ ಕದಿಯಲು ಅದು ಕಳ್ಳರ ಇನ್ನೊಂದು ದಾರಿ. ಐಫೋನ್ ಆಗಿದ್ದರೆ ಅದನ್ನು ಆಪಲ್ ಅಕೌಂಟ್‌ನಿಂದ ತೆಗೆಯಲೂಬೇಡಿ, ತೆಗೆದರೆ ಅವರಿಗೆ ಮಾರುವುದು ಸುಲಭ.

ವಿದ್ಯಾರ್ಥಿಗಳು ಮರೆಯುವ ಒಂದು ವಿಷಯ ಇದೆ. ಈಗ ಇಲ್ಲಿನ ವೀಸಾ ಕೈಯಲ್ಲಿ ಹಿಡಿಯುವ ಕಾರ್ಡಲ್ಲ, ಆನ್‌ಲೈನ್‌ನಲ್ಲೇ ಇರುವ ಇ-ವೀಸಾ. ಅದಕ್ಕೆ ಲಾಗಿನ್ ಆಗುವ ಕೋಡ್ ಫೋನಿಗೋ ಇಮೇಲಿಗೋ ಬರುತ್ತದೆ. ಎರಡೂ ಆ ಒಂದೇ ಫೋನಿನಲ್ಲಿದ್ದರೆ ಬಾಡಿಗೆ ಮನೆ ಹಿಡಿಯುವಾಗ, ಪಾರ್ಟ್‌ಟೈಮ್ ಕೆಲಸಕ್ಕೆ ಸೇರುವಾಗ ವೀಸಾ ತೋರಿಸಲಾಗದೆ ಪರದಾಡಬೇಕು. ಇಮೇಲ್ ಲ್ಯಾಪ್‌ಟಾಪ್‌ನಲ್ಲೂ ತೆರೆಯುವ ಹಾಗೆ ಇಟ್ಟುಕೊಳ್ಳಿ. ಸಿಮ್ ನಂಬರ್ ಬದಲಾದರೆ ಇ-ವೀಸಾ ಅಕೌಂಟ್‌ನಲ್ಲಿ ತಿದ್ದಿಸಿ.

ನಿನ್ನ ಅಮ್ಮ ಪೆಪ್ಪರ್ ಸ್ಪ್ರೇ ಕಳಿಸುತ್ತೇನೆ ಅಂದಿದ್ದಾರಲ್ಲ, ದಯವಿಟ್ಟು ಬೇಡ ಅನ್ನು. ಇಲ್ಲಿ ಅದು ಬಂದೂಕಿನ ಕಾನೂನಿನ ಕೆಳಗೆ ಬರುವ ನಿಷೇಧಿತ ಆಯುಧ. ಇಟ್ಟುಕೊಂಡರೆ ಕೇಸ್ ನಿನ್ನ ಮೇಲೆಯೇ ಬೀಳುತ್ತದೆ, ಓದೂ ವೀಸಾವೂ ಅಪಾಯಕ್ಕೆ ಸಿಗುತ್ತವೆ. ಮ್ಯಾಪ್ ಅನ್ನು ಸ್ಟೇಷನ್ ಒಳಗೇ ನೋಡಿಕೋ. ಹೊರಗೆ ನೋಡಲೇಬೇಕಾದರೆ ರಸ್ತೆಯ ಅಂಚು ಬಿಟ್ಟು ಯಾವುದಾದರೂ ಅಂಗಡಿ ಒಳಗೆ ಹೋಗು. ಹೆಚ್ಚಿನ ಸಲ ಇಷ್ಟೇ ಸಾಕು.

ಅಪ್ಪ ಅಮ್ಮನಿಗೆ ಹೇಳುವುದು ಅವನಿಗೆ ಕಷ್ಟ, ಗೊತ್ತು. ಸಾಲ ಮಾಡಿ ಕಳಿಸಿದ್ದಾರೆ, ಫೋನ್ ಕಳೆದ ಅಂತ ಬೈಯಬಹುದು. ನೀನು ಪಕ್ಕದಲ್ಲಿ ಕೂತು ಫೋನ್ ಮಾಡಿಸು, ಪೆಟ್ಟು ಬಿದ್ದಿಲ್ಲ ಅನ್ನುವುದನ್ನು ಮೊದಲು ಹೇಳಿಸು. ವಿಕ್ಟಿಮ್ ಸಪೋರ್ಟ್ ಅನ್ನುವ ಸಂಸ್ಥೆ ಇದೆ, ಹೀಗೆ ಹೆದರಿದವರ ಜೊತೆ ದುಡ್ಡು ತೆಗೆದುಕೊಳ್ಳದೆ ಮಾತಾಡುತ್ತಾರೆ. ದೂರು ಕೊಡುವಾಗಲೇ ಅವರ ನೆರವು ಬೇಕು ಅಂತ ಹೇಳಬಹುದು. ನಾಳೆ ಕ್ಲಾಸಿಗೆ ಅವನನ್ನು ಒಬ್ಬನೇ ಕಳಿಸಬೇಡ, ಜೊತೆಗೆ ಹೋಗು. ಭಾನುವಾರ ಇಬ್ಬರೂ ನಮ್ಮ ಮನೆಗೆ ಊಟಕ್ಕೆ ಬನ್ನಿ, ಇನ್‌ಬಾಕ್ಸ್‌ಗೆ ಒಂದು ಮೆಸೇಜ್ ಹಾಕು, ವಿಳಾಸ ಕಳಿಸುತ್ತೇನೆ.