ಆಸ್ಪತ್ರೆ ದೂರವಿರುವುದೊಂದೇ ಕಾರಣವಲ್ಲ

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಪಾರ್ಶ್ವವಾಯುವಿನಿಂದ ಸಾಯುವವರು ಹೆಚ್ಚು, ಅದಕ್ಕೆ ಆಸ್ಪತ್ರೆಗಳ ಕೊರತೆಯೇ ಕಾರಣವೇ ಎಂದು ಕೇಳಿದ್ದೀರಿ. ಅರ್ಧ ಮಾತ್ರ ನಿಜ. ಆಸ್ಪತ್ರೆ ದೂರವಿದ್ದರೆ ಬಂದ ಕಾಯಿಲೆ ಕೈಮೀರುತ್ತದೆ, ಸರಿ. ಆದರೆ ಅಲಬಾಮಾ, ಮಿಸಿಸಿಪ್ಪಿ, ಜಾರ್ಜಿಯಾ ಕಡೆ ಕಾಯಿಲೆ ಬರುವುದೇ ಹೆಚ್ಚು. ರಕ್ತದೊತ್ತಡ, ಮಧುಮೇಹ, ಬಡತನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರೂ ಅಂತರ ಪೂರ್ತಿ ಅಳಿಸುವುದಿಲ್ಲ. ಬಾಲ್ಯವನ್ನು ಅಲ್ಲಿ ಕಳೆದು ಬೇರೆಡೆ ನೆಲೆಸಿದವರಲ್ಲೂ ಅಪಾಯ ಹೆಚ್ಚಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ನನ್ನನ್ನು ಕಾಡುವ ಸಂಗತಿ ಇದೇ.

ಇನ್ನು ಚಿಕಿತ್ಸೆ. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬಂದಿದ್ದರೆ, ಆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಮಾಡಿ ಮೆದುಳಿನಲ್ಲಿ ರಕ್ತಸ್ರಾವವಾಗಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಆಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಗ್ರಾಮೀಣ ಭಾಗದ ಸಣ್ಣ ಆಸ್ಪತ್ರೆಗಳಲ್ಲಿ ಸ್ಕ್ಯಾನ್ ಯಂತ್ರವಿದ್ದರೂ ನರರೋಗ ತಜ್ಞರು ಇರುವುದು ಅಪರೂಪ. ಆಗ ದೂರದ ತಜ್ಞರು ವಿಡಿಯೊದಲ್ಲೇ ರೋಗಿಯನ್ನು ನೋಡುತ್ತಾರೆ: 'ಎರಡೂ ಕೈ ಎತ್ತಿ, ಸ್ವಲ್ಪ ನಗಿ' ಎನ್ನುತ್ತಾರೆ, ಸ್ಕ್ಯಾನ್ ಚಿತ್ರ ಪರಿಶೀಲಿಸಿ ಮದ್ದು ಶುರುಮಾಡಿಸುತ್ತಾರೆ. ಇದರಿಂದ ನಿಜಕ್ಕೂ ಉಪಕಾರವಾಗಿದೆ. ಆದರೆ ದೊಡ್ಡ ರಕ್ತನಾಳದಲ್ಲಿ ಸಿಕ್ಕಿಕೊಂಡ ಹೆಪ್ಪನ್ನು ಸಪೂರ ಕೊಳವೆ ತೂರಿಸಿ ಹೊರತೆಗೆಯುವುದು ವಿಡಿಯೊದಲ್ಲಿ ಮುಗಿಯುವ ಕೆಲಸವಲ್ಲ. ರೋಗಿಯನ್ನು ಆಂಬುಲೆನ್ಸಿನಲ್ಲೋ ಹೆಲಿಕಾಪ್ಟರಿನಲ್ಲೋ ದೊಡ್ಡ ಕೇಂದ್ರಕ್ಕೆ ಸಾಗಿಸಲೇಬೇಕು.