ಎಚ್‌ಐವಿ ಮಾತ್ರೆ ತಗೊಳ್ಳುವಾಗ ಬಿಳಿಸೆರಗು ಬಂದರೆ ಗಂಡನಿಗೆ ವೈರಸ್ ದಾಟುತ್ತದಾ?

ಬಿಳಿಸೆರಗು ವಾಸನೆ ಬರ್ತಿದೆ, ಎಚ್‌ಐವಿ ಮಾತ್ರೆ ತಪ್ಪಿಸಿಲ್ಲ, ಆದರೂ ಗಂಡನಿಗೆ ದಾಟುತ್ತದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಕೇರಳದ ಕಾಸರಗೋಡಿನ ಬದಿಯಡ್ಕದ ಕಡೆಯವಳು, ಹನ್ನೊಂದು ವರ್ಷದಿಂದ ಮಾತ್ರೆಯಲ್ಲಿದ್ದೇನೆ. ನಿಮ್ಮ ಭಯ ನನಗೂ ಹತ್ತಿತ್ತು.

ನನ್ನದು ಬೂತಾಯಿ ಮೀನು ತೊಳೆದ ನೀರಿನ ವಾಸನೆ. ಎಷ್ಟು ಮಿಂದರೂ ಹೋಗದು. ಸೋಪಿನ ನೀರು ಹಾಕಿ ಒಳಗೆಲ್ಲ ತೊಳೆದೆ, ಅದೇ ತಪ್ಪಾದದ್ದು. ಅಲ್ಲಿ ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗವೇ ಇರುತ್ತದೆ, ಲ್ಯಾಕ್ಟೊಬ್ಯಾಸಿಲಸ್. ಅವು ಜಾಗವನ್ನು ಹುಳಿಯಾಗಿ ಇಡುತ್ತವೆ. ಅವು ಕಡಿಮೆಯಾದರೆ ಬೇರೆಯವು ಬಂದು ಕೂರುತ್ತವೆ. ಇದೇ ಬ್ಯಾಕ್ಟೀರಿಯಲ್ ವಜೈನೋಸಿಸ್. (ಮೊಸರು ಹಚ್ಚಿಕೊಳ್ಳಲು ಹೋಗಬೇಡಿ ಮತ್ತೆ!)

ಈಗ ವೈರಸ್ ವಿಷಯ. ಉರಿಯೂತ ಇದ್ದಲ್ಲಿಗೆ ರಕ್ತದ ಬಿಳಿ ಕಣಗಳು ಬಂದು ಸೇರುತ್ತವೆ. ಎಚ್‌ಐವಿ ಮನೆ ಮಾಡುವುದೇ ಅಂಥ ಕಣಗಳಲ್ಲಿ. ಹಾಗಾಗಿ ಸ್ರಾವದಲ್ಲಿ ವೈರಸ್ ಜಾಸ್ತಿ ಕಾಣಬಹುದು. ಆಫ್ರಿಕಾದ ಏಳು ದೇಶಗಳ ಜೋಡಿಗಳ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ, ಈ ತೊಂದರೆ ಇದ್ದ ಹೆಂಗಸರಿಂದ ಗಂಡಸರಿಗೆ ದಾಟುವ ಅಪಾಯ ಮೂರು ಪಟ್ಟು ಇತ್ತು. ಆದರೆ ಅವರು ಎಚ್‌ಐವಿ ಮಾತ್ರೆ ಶುರು ಮಾಡಿರಲಿಲ್ಲ. ಮಾತ್ರೆ ತಪ್ಪದೆ, ರಕ್ತದ ವೈರಲ್ ಲೋಡ್ (ಒಂದು ಮಿಲಿ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಲೆಕ್ಕ) 200ಕ್ಕಿಂತ ಕೆಳಗೇ ನಿಂತಿದ್ದರೆ ಸಂಭೋಗದಿಂದ ದಾಟುವುದಿಲ್ಲ, ಬಿಳಿಸೆರಗು ಇದ್ದರೂ. ನಿಮ್ಮ ಕೊನೆಯ ರಿಪೋರ್ಟ್ ಯಾವ ತಿಂಗಳದ್ದು? ಮೊದಲು ಅದನ್ನು ನೋಡಿ.

ಬಿಳಿಸೆರಗಿಗೂ ಮದ್ದು ಮಾಡಲೇಬೇಕು. ಮೆಡಿಕಲ್‌ನಲ್ಲಿ ಸುಮ್ನೆ ಕೇಳಿ ತರಬೇಡಿ, ತುರಿಕೆ ಜೊತೆ ಗಟ್ಟಿಗಟ್ಟಿಯಾಗಿ ಹೋಗುವುದು ಫಂಗಸ್ ಇರಬಹುದು, ಅದರ ಮದ್ದೇ ಬೇರೆ. ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ 'ಪುಲರಿ' ಅಂತ ಕ್ಲಿನಿಕ್ ಇರುತ್ತದೆ. ನಾನು ಹೋದಾಗ ನರ್ಸ್ ಮಲಯಾಳದಲ್ಲಿ "ವೆಳ್ಳಪೋಕ್ಕ್ ಉಂಡೋ?" ಅಂದರು. ವೆಳ್ಳಂ ಅಂದರೆ ನೀರು ಅಲ್ವಾ, ಮೂತ್ರದ ವಿಷಯ ಅಂದುಕೊಂಡು ಇಲ್ಲ ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ ತುಳುವಿನಲ್ಲಿ ಮತ್ತೆ ಕೇಳಿದರು, ಆಗ ಗೊತ್ತಾಯಿತು ಅದು ಬಿಳಿಸೆರಗು ಅಂತ.

ಮೆಟ್ರೊನಿಡಝೋಲ್ ಕೊಟ್ಟರು, ದಿನಕ್ಕೆ ಎರಡು, 7 ದಿನ. ಬಾಯಿಯೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಎಚ್‌ಐವಿ ಇದೆ ಅಂತ ಬೇರೆ ಮದ್ದಿಲ್ಲ, ಎಲ್ಲರಿಗೂ ಇದೇ. ವಾಸನೆ ಹೋಯಿತು. ನಾಲ್ಕು ತಿಂಗಳಿಗೆ ಮತ್ತೆ ಬಂತು, ತುಂಬಾ ಜನರಿಗೆ ಹಾಗೆ ಮರುಕಳಿಸುತ್ತದಂತೆ. ಆ ಸಲ ನರ್ಸ್ ಬಾಯಿ ತೆರೆಯುವ ಮೊದಲೇ ನಾನು "ವೆಳ್ಳಪೋಕ್ಕ್" ಅಂದೆ.